ಮುಂದೆ ಸಾವಯವ ಬೋರ್ಡು, ಹಿತ್ತಿಲಲ್ಲಿ ಮುಸುರೆ ಗುಂಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಕಾಡಂಚಿನ ಸಾವಯವ ಹೋಂಸ್ಟೇಗಳ ಬಗ್ಗೆ ಬಂದ ಬರಹ ಓದಿದೆ. ಮಣ್ಣಿನ ಗೋಡೆ, ಹಿತ್ತಾಳೆ ಚೊಂಬು, ಬಾಳೆ ಎಲೆಯ ಮೇಲೆ ರಾಗಿ ರೊಟ್ಟಿ. ಫೋಟೊಗಳು ಚೆನ್ನಾಗಿದ್ದವು. ಆದರೆ ಎಲ್ಲವೂ ಮನೆ ಮುಂದೆ ನಿಂತು ತೆಗೆದವು. ಹಿತ್ತಿಲ ಕಡೆಗೆ ಯಾರೂ ಹೋದ ಹಾಗೆ ಕಾಣಲಿಲ್ಲ. ನಾನು ಹೋಗಿದ್ದೆ, ಅದಕ್ಕೇ ಈ ಪತ್ರ.

ಹೋದ ಡಿಸೆಂಬರಿನಲ್ಲಿ ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳ ಜೊತೆ ಬಂಡೀಪುರದ ಹತ್ತಿರ ಎರಡು ರಾತ್ರಿ ಇದ್ದು ಬಂದೆ. ಜಾಗದ ಹೆಸರು ಬೇಡ. ಬೋರ್ಡಿನಲ್ಲಿ ‘ಸಾವಯವ, ಪರಿಸರಸ್ನೇಹಿ’ ಅಂತ ಹಸಿರು ಬಣ್ಣದಲ್ಲಿ ಬರೆದಿತ್ತು. ರೂಮಿಗೆ ದಿನಕ್ಕೆ ಏಳು ಸಾವಿರ. ನಾನು ಬ್ಯಾಂಕಿನಲ್ಲಿ 31 ವರ್ಷ ಕ್ಯಾಷಿಯರ್ ಆಗಿದ್ದವನು. ನೋಟನ್ನು ಬೆಳಕಿಗೆ ಹಿಡಿದು ನೋಡದೆ ಡ್ರಾಯರಿಗೆ ಹಾಕಿದವನಲ್ಲ. ಆ ಚಾಳಿ ಇನ್ನೂ ಹೋಗಿಲ್ಲ, ಅಳಿಯನಿಗೆ ಅದೇ ಮುಜುಗರ.

ಬೆಳಿಗ್ಗೆ ರೊಟ್ಟಿ ಜೊತೆ ಟೊಮೆಟೊ ಗೊಜ್ಜು ಕೊಟ್ಟರು. ರುಚಿಯಾಗಿತ್ತು, ಸುಳ್ಳು ಹೇಳಬಾರದು. “ನಿಮ್ಮ ತೋಟದ್ದೇನಮ್ಮಾ?” ಅಂತ ಅಡುಗೆಯಾಕೆಯನ್ನು ಕೇಳಿದೆ. ಅವರು ಅತ್ತಿತ್ತ ನೋಡಿ, “ಇಲ್ಲ ಸಾ, ಗುಂಡ್ಲುಪೇಟೆ ಮಾರ್ಕೆಟ್ದು. ಇಲ್ಲಿ ತೋಟದಲ್ಲಿ ಇರೋದು ಉಯ್ಯಾಲೆ ಒಂದೇಯ” ಅಂದರು. ಅಂಗಡಿಯಲ್ಲಿ ಸಾವಯವ ಅಂತ ರಾಗಿ ಪ್ಯಾಕೆಟ್ ಮಾರಬೇಕಾದರೆ ಪ್ರಮಾಣಪತ್ರ ಬೇಕು, ಅದರ ಮೇಲೆ ‘ಜೈವಿಕ್ ಭಾರತ್’ ಮುದ್ರೆ ಇರುತ್ತದೆ. ರಾಸಾಯನಿಕ ಬಿಟ್ಟ ಹೊಲಕ್ಕೆ ಆ ಪತ್ರ ಸಿಗಲು ಎರಡು ಮೂರು ವರ್ಷ ಹಿಡಿಯುತ್ತದೆ. ತಟ್ಟೆಗೆ ಬಡಿಸುವ ರಾಗಿ ರೊಟ್ಟಿಗೆ ಪತ್ರ ಕೇಳಿದವರನ್ನು ನಾನಂತೂ ಕಂಡಿಲ್ಲ.

ಟೊಮೆಟೊ ವಿಷಯ ಬಿಡಿ. ಸಂತೆಯದು ತಿಂದು ಬೆಳೆದವರೇ ನಾವೆಲ್ಲ. ರಾತ್ರಿ ನಡೆದದ್ದು ಬೇರೆ.

ಊಟ ಮುಗಿದ ಮೇಲೆ ಹುಡುಗನೊಬ್ಬ ಬಂದು, “ಮಕ್ಕಳಿಗೆ ಕಾಡುಹಂದಿ ತೋರಿಸ್ತೀನಿ ಬನ್ನಿ” ಅಂದ. ಅಡುಗೆಮನೆ ಹಿಂದೆ ಒಂದು ಗುಂಡಿ. ಉಳಿದ ಅನ್ನ, ಸಾರು, ಕೋಳಿ ಮೂಳೆ ಎಲ್ಲ ಅದರೊಳಗೆ. ಮೇಲೆ ಫ್ಲಡ್‌ಲೈಟು. ಹತ್ತು ಹನ್ನೆರಡು ಹಂದಿ ಮೂತಿ ಇಟ್ಟುಕೊಂಡು ಮುಕ್ಕುತ್ತಿದ್ದವು. ಜನ ಮೊಬೈಲು ಹಿಡಿದು ನಿಂತಿದ್ದರು. ನನ್ನ ಮೊಮ್ಮಗ ಕೂಡ ಚಪ್ಪಾಳೆ ತಟ್ಟಿದ. ಅಷ್ಟರಲ್ಲಿ ಹುಲ್ಲಿನ ಮೇಲೆ ಸ್ಪೀಕರ್ ಹಾಕಿದರು. ಟೈಮು ನೋಡಿಕೊಂಡೆ, ಸರಿಯಾಗಿ ಒಂಬತ್ತು.

ಸ್ವಾಮಿ, ಒಂಬತ್ತು ಗಂಟೆ ಅಂದರೆ ಮೇಲುಕಾಮನಹಳ್ಳಿ ಅರಣ್ಯ ಚೆಕ್‌ಪೋಸ್ಟಿನ ಗೇಟು ಹಾಕುವ ಹೊತ್ತು. 2009ರಿಂದ ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ಆಂಬುಲೆನ್ಸು, ಲೆಕ್ಕದ ಕೆಲವು ಬಸ್ಸು ಬಿಟ್ಟರೆ ಎಲ್ಲ ನಿಲ್ಲಬೇಕು. ಪ್ರಾಣಿಗಳು ರಸ್ತೆ ದಾಟಲಿ ಅಂತ ತರಕಾರಿ ಲಾರಿ ಡ್ರೈವರು ಕ್ಯಾಬಿನ್ನಿನಲ್ಲಿ ರಾತ್ರಿ ಕಳೆಯುತ್ತಾನೆ. ಅದೇ ಹೊತ್ತಿಗೆ ‘ಪರಿಸರಸ್ನೇಹಿ’ ಜಾಗದಲ್ಲಿ ಕುಣಿತ ಶುರು!

ಮಾರನೇ ಬೆಳಿಗ್ಗೆ ಪಕ್ಕದ ಹೊಲದ ರೈತರ ಹತ್ತಿರ ಮಾತಾಡಿದೆ. ಮುಸುಕಿನ ಜೋಳ ಹಾಕಿದ್ದರು. ಅಟ್ಟಣೆ ಮೇಲೆ ರಾತ್ರಿಯೆಲ್ಲ ಕಾದು ಕಣ್ಣು ಕೆಂಪಗಾಗಿತ್ತು. “ಹಂದಿ ಗುಂಡಿಗೆ ಬತ್ತವೆ ಸಾ. ಅಲ್ಲಿ ಸಾಲ್ದೇ ಹೋದ್ರೆ ನಮ್ಮ ಜೋಳಕ್ಕೆ ನುಗ್ತವೆ. ಮೂಳೆಗೆ ನಾಯಿ ಸೇರ್ಕತವೆ. ನಾಯಿ ವಾಸ್ನೆ ಹಿಡ್ಕಂಡು ಚಿರತೆ ಬತ್ತದೆ. ಚಿರತೆ ನನ್ನ ಕರ ಹೊತ್ಕೊಂಡು ಹೋದ್ರೆ ಪರಿಹಾರಕ್ಕೆ ಅಲೆಯೋನು ನಾನು” ಅಂದರು. ಮಾಲೀಕರಿಗೆ ಹೇಳಿದಿರಾ ಅಂತ ಕೇಳಿದೆ. “ಅವರು ಬೆಂಗಳೂರಲ್ಲಿ ಅವ್ರೆ. ನಿಮ್ಮೂರೋರೇ” ಅಂದರು. ಏನು ಹೇಳಲಿ?

ನನಗೆ ನಾಟಿದ್ದು ಆ ಕೊನೆ ಮಾತು. ನಾಗರಹೊಳೆ ಅಂಚಿನಲ್ಲಿ, ಎಚ್.ಡಿ. ಕೋಟೆ ಕಡೆ, ನನ್ನ ಷಡ್ಡಕನೂ ಮೂರು ರೂಮು ಬಾಡಿಗೆಗೆ ಕೊಡುತ್ತಾನೆ. ನಮ್ಮವನು ಅಂತ ಹೊಗಳುತ್ತಿಲ್ಲ, ಅವನ ಮನೆಯಲ್ಲಿ ಬಿಸಿನೀರು ಸಿಗುವುದು ಬೆಳಿಗ್ಗೆ ಒಂದೇ ಸಲ. ಆದರೆ ಅವನು, ಅವನ ಹೆಂಡತಿ ಅಲ್ಲೇ ಮಲಗುವವರು. ರಾತ್ರಿ ಆನೆ ಬಂದರೆ ಮೊದಲು ಎದ್ದು ಕೂರುವವರು ಅವರೇ. ಅದಕ್ಕೇ ಅಂಗಳದಲ್ಲಿ ದೊಡ್ಡ ದೀಪವಿಲ್ಲ. ಎಂಟು ಗಂಟೆಗೆಲ್ಲ ಊಟ ಮುಗಿಸಬೇಕು. ಹಲಸಿನ ವಾಸನೆಗೆ ಆನೆ ಬರುತ್ತದೆ ಅಂತ ಕಾಯಿ ಎಳಸಾಗಿರುವಾಗಲೇ ಕಿತ್ತು ಹುಳಿ ಮಾಡಿಬಿಡುತ್ತಾರೆ. ಹಣ್ಣು ತಿನ್ನೋಣ ಅಂತ ಹೋದವರಿಗೆ ನಿರಾಸೆ. ತಟ್ಟೆಯಲ್ಲಿ ಬಿಟ್ಟದ್ದು ಕಲಗಚ್ಚಿನ ಜೊತೆ ಹಸುವಿನ ಬಾನಿಗೆ ಹೋಗುತ್ತದೆ. ಹಿತ್ತಿಲಲ್ಲಿ ಒಂದು ಡ್ರಮ್ಮಿನಲ್ಲಿ ಜೀವಾಮೃತ ಅನ್ನುವ ಸಾವಯವ ಗೊಬ್ಬರದ ನೀರು: 200 ಲೀಟರ್ ನೀರಿಗೆ 10 ಕೆಜಿ ಸಗಣಿ, ಗಂಜಲ, ಎರಡು ಕೆಜಿ ಬೆಲ್ಲ, ಎರಡು ಕೆಜಿ ಹುರುಳಿ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಅದರ ವಾಸನೆಗೆ ಇಲ್ಲಿಂದ ಹೋದ ಯಾರೋ ಇಂಟರ್ನೆಟ್ಟಿನಲ್ಲಿ ಎರಡೇ ಸ್ಟಾರ್ ಕೊಟ್ಟು ಬಂದಿದ್ದಾರೆ. ಈರುಳ್ಳಿ ಮಾತ್ರ ಸಂತೆಯದು. ಅದನ್ನು ನಾವು ಕೇಳುವ ಮೊದಲೇ ಅವನೇ ಹೇಳುತ್ತಾನೆ.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ (ಹೋಂಸ್ಟೇ) ಯೋಜನೆಯಲ್ಲಿ ಕೊಠಡಿ ಒಂದರಿಂದ ಆರರೊಳಗೆ ಇರಬೇಕು, ಮಾಲೀಕರ ಸಂಸಾರ ಅದೇ ಮನೆಯಲ್ಲಿ ವಾಸವಿರಬೇಕು. ಒಳ್ಳೆಯ ನಿಯಮ. ನಾವಿದ್ದ ಜಾಗದಲ್ಲಿ ನಾನೇ ಎಣಿಸಿದ್ದು 14 ಕೊಠಡಿ. ಅದನ್ನು ಮನೆ ಅಂತ ಹೇಗೆ ಕರೆಯೋದು? ಬಂಡೀಪುರದ ಸುತ್ತ 2012ರಲ್ಲೇ ಪರಿಸರ ಸೂಕ್ಷ್ಮ ವಲಯ, ಅಂದರೆ ಕಾಡಿಗೆ ತೊಂದರೆ ಕೊಡುವ ಚಟುವಟಿಕೆಗೆ ಮಿತಿ ಹಾಕಿದ ಪ್ರದೇಶ, ಘೋಷಣೆಯಾಗಿದೆ. ಹಾಗಿರುವಾಗ ಹೋಂಸ್ಟೇಗೆ ಅನುಮತಿ ಕೊಡಲು ಬರುವ ಅಧಿಕಾರಿಗಳು ಹಾಸಿಗೆ, ಕಮೋಡು ನೋಡಿ ವಾಪಸಾಗದೆ ಅಡುಗೆಮನೆ ಹಿಂಬಾಗಿಲು ತೆಗೆಸಿ ನೋಡಬೇಕು. ಒಂದು ಸಲ ರಾತ್ರಿ ಒಂಬತ್ತರ ಮೇಲೂ ಬರಬೇಕು. ನಿಮ್ಮ ಪುರವಣಿಯವರಿಗೂ ಇದೇ ವಿನಂತಿ.

ನಾನೀಗ ರೂಮು ಬುಕ್ ಮಾಡುವ ಮೊದಲು ಫೋನಿನಲ್ಲಿ ಎರಡೇ ಮಾತು ಕೇಳುತ್ತೇನೆ. ಮಾಲೀಕರು ರಾತ್ರಿ ಅಲ್ಲೇ ಇರ್ತಾರಾ? ಮುಸುರೆ ಎಲ್ಲಿಗೆ ಹಾಕ್ತೀರಿ? ಹೋದ ವಾರ ನಾಲ್ಕು ಕಡೆ ಕೇಳಿದೆ. ಇಬ್ಬರು ಫೋನ್ ಇಟ್ಟುಬಿಟ್ಟರು. ಒಬ್ಬರು ಮ್ಯಾನೇಜರಿಗೆ ಕೊಡ್ತೀನಿ ಅಂದು ಹಾಡು ಹಾಕಿದರು. ನಾಲ್ಕನೆಯವರು ವಯಸ್ಸಾದ ಹೆಂಗಸು, “ಎಲ್ಲಿಗೆ ಅಂದ್ರೆ? ಎಮ್ಮೆಗೆ!” ಅಂತ ನನ್ನನ್ನೇ ಗದರಿದರು. ಬರುವ ತಿಂಗಳು ಅಲ್ಲಿಗೇ ಹೊರಟಿದ್ದೇವೆ.

ಇಂತಿ,
ನಿವೃತ್ತ ಬ್ಯಾಂಕ್ ಕ್ಯಾಷಿಯರ್,
ತ್ಯಾಗರಾಜನಗರ, ಬೆಂಗಳೂರು