ಕರಾವಳಿಯ ಸೈಕಲ್ ದಾರಿಗೆ ಬಯಲುಸೀಮೆಯ ಲೆಕ್ಕ ಸಾಲದು

ಸಂಪಾದಕರಿಗೆ,

ದೀಪಾವಳಿ ಮುಗಿದು ಮುಂಜಾನೆಯ ಚಳಿ ಹತ್ತಿತೆಂದರೆ ಹುಬ್ಬಳ್ಳಿ-ಧಾರವಾಡದ ಸೈಕಲ್ ಗುಂಪುಗಳಲ್ಲಿ ಕರಾವಳಿಯ ಮಾತು ಶುರು. ಅಂಕೋಲಾಕ್ಕೆ ಇಳಿದು ಮಂಗಳೂರು ಮುಟ್ಟುವುದು, ನಾಲ್ಕು ದಿನ, ದಿನಕ್ಕೆ ನೂರು ಕಿ.ಮೀ. ಕಾಗದದ ಮೇಲೆ ಸಲೀಸಾಗಿ ಕೂಡುತ್ತದೆ. ನವಲಗುಂದದ ಎರೆ ಬಯಲಿನಲ್ಲಿ ಹೊತ್ತೇರುವುದರೊಳಗೆ ನೂರು ಕಿ.ಮೀ. ತುಳಿದು ಬಂದವರಿಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಎರಡನೆಯ ದಿನದ ಮಧ್ಯಾಹ್ನ ಕಾಣುತ್ತದೆ. ಈ ಸಲ ಹೊರಡುವವರಿಗೆ ಉಪಯೋಗವಾಗಲೆಂದು ಕೆಲವು ವಿವರ ಬರೆಯುತ್ತಿದ್ದೇವೆ. ಕೊನೆಗೆ ಒಂದು ಬೇಡಿಕೆಯೂ ಇದೆ.

ಮೊದಲು ಘಟ್ಟದ ಮಾತು. ಹುಬ್ಬಳ್ಳಿ ಸಮುದ್ರಮಟ್ಟಕ್ಕಿಂತ 600 ಮೀಟರಿಗೂ ಎತ್ತರದಲ್ಲಿದೆ. ಕಲಘಟಗಿ, ಕಿರವತ್ತಿ ದಾಟಿ ಯಲ್ಲಾಪುರದವರೆಗಿನ ಸುಮಾರು 70 ಕಿ.ಮೀ. ಏರಿಳಿತದ ದಾರಿ. ಇಳಿಜಾರೆಲ್ಲ ಅದರಾಚೆಗಿನ ಅರಬೈಲ್ ಘಟ್ಟದಲ್ಲಿ ಒಮ್ಮೆಲೇ ಬರುತ್ತದೆ. ಒಂದೇ ದಿನಕ್ಕೆ ಅಂಕೋಲಾ ಸೇರುವ ಹಟ ಹಿಡಿದವರು ಮಧ್ಯಾಹ್ನ ಮೂರು ಗಂಟೆಗೆ, ಕೈ ಸೋತ ಹೊತ್ತಿನಲ್ಲಿ, ಹಿಂದೆ ಮುಂದೆ ಲಾರಿಗಳಿರುವಾಗ ಘಟ್ಟ ಇಳಿಯಬೇಕಾಗುತ್ತದೆ. ಯಲ್ಲಾಪುರದಲ್ಲಿ ರಾತ್ರಿ ಉಳಿಯುವುದೇ ಸರಿ. ಮರುದಿನ ಮಂಜು ಕರಗಿದ ಮೇಲೆ, ಏಳೂವರೆ ಎಂಟರ ಸುಮಾರಿಗೆ ಇಳಿಯಲು ಶುರು ಮಾಡಿದರೆ ಸಾಕು. ಹಾವೇರಿ ಕಡೆಯವರಿಗೆ ಹಾನಗಲ್, ಶಿರಸಿ, ದೇವಿಮನೆ ಘಟ್ಟದ ಮೂಲಕ ಕುಮಟಾಕ್ಕೆ ಇಳಿಯುವುದು ಹತ್ತಿರ. ಆದರೆ ರಸ್ತೆ ಅಗಲೀಕರಣಕ್ಕಾಗಿ ಅಲ್ಲಿ ಸಂಚಾರ ನಿಲ್ಲಿಸಿದ್ದುಂಟು. ಶಿರಸಿಯಲ್ಲಿ ವಿಚಾರಿಸದೆ ಮುಂದೆ ಹೋಗಬಾರದು. ಗದಗಿನವರು ಹುಬ್ಬಳ್ಳಿವರೆಗೆ ರೈಲಿನಲ್ಲಿ ಬಂದರೆ ಒಂದು ದಿನದ ದಣಿವು ಉಳಿಯುತ್ತದೆ.

ಇಳಿಯುವಾಗ ಬ್ರೇಕನ್ನು ಸತತ ಹಿಡಿದುಕೊಂಡೇ ಬರುವುದು ಎಲ್ಲರೂ ಮಾಡುವ ತಪ್ಪು. ಸವಾರ, ಸೈಕಲ್, ಸಾಮಾನು ಸೇರಿ ನೂರು ಕಿಲೋ ಹತ್ತಿರ ತೂಕ. ಅದರ ವೇಗವೆಲ್ಲ ಶಾಖವಾಗಿ ರಿಮ್ಮಿಗೆ ಹೋಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ, ಕೊನೆಗೆ ತಿರುವಿನಲ್ಲೇ ಟ್ಯೂಬ್ ಸಿಡಿಯುತ್ತದೆ. ತಿರುವಿಗೆ ಮುಂಚೆ ಎರಡೂ ಬ್ರೇಕು ಗಟ್ಟಿಯಾಗಿ ಹಿಡಿದು ವೇಗ ಇಳಿಸಬೇಕು, ತಿರುವಿನಲ್ಲಿ ಬಿಡಬೇಕು. ನಡುವೆ ಎರಡು ಕಡೆ ನಿಂತು ರಿಮ್ಮಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ. ಚುಂಯ್ ಅಂದರೆ ಹತ್ತು ನಿಮಿಷ ಕೂಡ್ರಿ. ಬ್ರೇಕ್ ತಂತಿ ಹರಿಯುವುದು ಹ್ಯಾಂಡಲ್ಲಿನ ಲಿವರ್ ಒಳಗೆ, ಕಣ್ಣಿಗೆ ಬೀಳದ ಜಾಗದಲ್ಲಿ. ಹೊರಡುವ ಮುನ್ನ ಲಿವರ್ ಪೂರ್ತಿ ಒತ್ತಿ ಒಳಗೆ ಎಳೆ ಬಿಟ್ಟಿದೆಯೇ ನೋಡಬೇಕು. ಇದನ್ನೆಲ್ಲ ಪರೀಕ್ಷಿಸಲು ಅರಬೈಲಿಗೇ ಹೋಗಬೇಕಿಲ್ಲ. ಪೂರ್ತಿ ಸಾಮಾನು ಕಟ್ಟಿಕೊಂಡು ಹುಬ್ಬಳ್ಳಿಯ ನೃಪತುಂಗ ಬೆಟ್ಟ ನಾಲ್ಕು ಸಲ ಹತ್ತಿ ಇಳಿದರೆ ಯಾವ ಚೀಲ ಹಿಮ್ಮಡಿಗೆ ತಾಗುತ್ತದೆ, ಯಾವ ಬೋಲ್ಟ್ ಸಡಿಲಾಗುತ್ತದೆ ಎಲ್ಲ ಗೊತ್ತಾಗುತ್ತದೆ.

ಕೆಳಗಿಳಿದ ಮೇಲೆ ಹೆದ್ದಾರಿ 66 ಸಪಾಟಾಗಿರುತ್ತದೆ ಎಂಬುದು ಇನ್ನೊಂದು ಭ್ರಮೆ. ಕೆಂಪು ಜಂಬಿಟ್ಟಿಗೆ ಕಲ್ಲಿನ ಗುಡ್ಡಗಳು ಕಡಲಿನ ಅಂಚಿಗೇ ಬಂದು ನಿಂತಿವೆ. ನದಿ ದಾಟಿದೊಡನೆ ಏರು, ಏರು ಮುಗಿದೊಡನೆ ಮತ್ತೊಂದು ನದಿ. ಮೇಲಾಗಿ ಅಲ್ಲಿ ಬೆವರು ಆರುವುದಿಲ್ಲ. ಧಾರವಾಡದ ಒಣ ಹವೆಯಲ್ಲಿ ಸಾಲುವಷ್ಟು ನೀರು ಅಲ್ಲಿ ಸಾಲದು, ಗಂಟೆಗೆ ಮುಕ್ಕಾಲು ಲೀಟರ್ ಬೇಕು. ಬರೀ ನೀರು ಕುಡಿದರೆ ಮೂರನೆಯ ದಿನ ಮೀನಖಂಡ ಹಿಡಿದುಕೊಳ್ಳುತ್ತದೆ. ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿಕೊಳ್ಳಿ. ಇಲ್ಲವೇ ಉಪ್ಪು ಹಾಕಿದ ಮಜ್ಜಿಗೆಯಾದರೂ ಆದೀತು.

ಆದ್ದರಿಂದ ನಾಲ್ಕು ದಿನ ಬೇಡ, ಆರು ದಿನ ಇಟ್ಟುಕೊಳ್ಳಿ. ಮೊದಲ ದಿನ ಯಲ್ಲಾಪುರ. ಎರಡನೆಯ ದಿನ ಅಂಕೋಲಾ ದಾಟಿ ಗೋಕರ್ಣ, ಸುಮಾರು 90 ಕಿ.ಮೀ. ಮೂರನೆಯ ದಿನ ಕುಮಟಾ, ಹೊನ್ನಾವರದ ಮೇಲೆ ಮುರ್ಡೇಶ್ವರ, 70ರ ಆಸುಪಾಸು. ನಾಲ್ಕನೆಯ ದಿನ ಭಟ್ಕಳ, ಬೈಂದೂರು, ಮರವಂತೆ ಹಾದು ಕುಂದಾಪುರ, 65. ಐದನೆಯ ದಿನ ಉಡುಪಿ, ಬರೀ 40. ಬಟ್ಟೆ ಒಗೆಯಲು, ಸೈಕಲ್ ಬಿಚ್ಚಿ ನೋಡಲು ಆ ಅರ್ಧ ದಿನ ಬೇಕೇ ಬೇಕು. ಆರನೆಯ ದಿನ ಮಂಗಳೂರು, 60. ಕಾರವಾರವನ್ನೂ ನೋಡುವ ಆಸೆಯಿದ್ದರೆ ಅಂಕೋಲಾದಿಂದ ಉತ್ತರಕ್ಕೆ 35 ಕಿ.ಮೀ. ಹೋಗಿಬರಲು ಇನ್ನೊಂದು ದಿನ ಸೇರಿಸಬೇಕು.

ದಿಕ್ಕು ಮಾತ್ರ ಉತ್ತರದಿಂದ ದಕ್ಷಿಣಕ್ಕೇ ಇರಲಿ. ಚಳಿಗಾಲ, ಬೇಸಿಗೆಯ ಮಧ್ಯಾಹ್ನ ಕಡಲ ಗಾಳಿ ವಾಯವ್ಯದಿಂದ ಬೀಸುತ್ತದೆ. ಮಂಗಳೂರಿನಿಂದ ಮೇಲೆ ಬರುವವರ ಮುಖಕ್ಕೆ ಹೊಡೆಯುವ ಅದೇ ಗಾಳಿ ಕೆಳಗೆ ಹೋಗುವವರ ಬೆನ್ನು ತಳ್ಳುತ್ತದೆ. ಶರಾವತಿಯ ಉದ್ದ ಸೇತುವೆಯ ಮೇಲೆ ಮಾತ್ರ ಅದು ಅಡ್ಡಕ್ಕೆ ಹೊಡೆದು ಚೀಲಗಳನ್ನೇ ಹಾಯಿ ಮಾಡಿಕೊಳ್ಳುತ್ತದೆ. ಅಲ್ಲಿ ಲಾರಿಯ ಪಕ್ಕದಲ್ಲಿ ಹೋಗಬೇಡಿ. ಲಾರಿ ದಾಟಿದ ಕ್ಷಣ ಗಾಳಿಗೆ ಅಡ್ಡವಿದ್ದದ್ದು ತಪ್ಪಿ ಸೈಕಲ್ ವಾಲುತ್ತದೆ. ಸೇತುವೆಯ ಕಬ್ಬಿಣದ ಜೋಡಣೆಗಳನ್ನು ನೇರವಾಗಿಯೇ ದಾಟಬೇಕು, ಓರೆಯಾಗಿ ಹೋದರೆ ಸಣ್ಣ ಟೈರು ಸಿಕ್ಕಿಕೊಳ್ಳುತ್ತದೆ.

ಗೋಕರ್ಣದಿಂದ ಕುಮಟಾಕ್ಕೆ ಹೆದ್ದಾರಿಗೆ ವಾಪಸು ಬರಬೇಕೆಂದಿಲ್ಲ. ತದಡಿಯಲ್ಲಿ ದೋಣಿ ಹತ್ತಿ ಅಘನಾಶಿನಿ ಊರಿಗೆ ಇಳಿದರೆ ಲಾರಿಗಳ ಕಾಟವಿಲ್ಲದ ಒಳದಾರಿ ಸಿಗುತ್ತದೆ. ದೋಣಿಯ ಹೊತ್ತನ್ನು ಹಿಂದಿನ ಸಂಜೆಯೇ ಕೇಳಿಟ್ಟುಕೊಳ್ಳಿ. ಅದಕ್ಕೂ ಮುಂಚೆ, ಅಂಕೋಲಾದಿಂದ ಗೋಕರ್ಣಕ್ಕೆ ಬರುವಾಗ, 2024ರ ಜುಲೈ 16ರಂದು ಗುಡ್ಡ ಕುಸಿದ ಶಿರೂರು ಸಿಗುತ್ತದೆ. ಅಕಾಲದ ಮಳೆ ಬಂದರೆ ಕಡಿದ ಗುಡ್ಡದ ಬುಡದಲ್ಲಿ ನಿಲ್ಲಬೇಡಿ, ನೆನೆದರೂ ಮುಂದೆ ಸಾಗಿ. ಅಲ್ಲಿ ಪಕ್ಕದಲ್ಲೇ ಹರಿಯುವ ಗಂಗಾವಳಿಯಲ್ಲಿ ಧಾರವಾಡದ ಸೋಮೇಶ್ವರ ಗುಡಿಯ ಶಾಲ್ಮಲೆಯ ನೀರೂ ಇದೆ ಎಂಬುದು ನಮ್ಮವರಲ್ಲಿ ಎಷ್ಟೋ ಮಂದಿಗೆ ಗೊತ್ತಿಲ್ಲ.

ಪಂಕ್ಚರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹೆದ್ದಾರಿಯ ಅಂಚಿನಲ್ಲಿ ಸಿಡಿದ ಲಾರಿ ಟೈರಿನ ಚೂರುಗಳು ಬಿದ್ದಿರುತ್ತವೆ. ಅವುಗಳ ಒಳಗಿನ ಉಕ್ಕಿನ ತಂತಿ ಕೂದಲಿನಷ್ಟು ಸಣ್ಣದು, ಹೊರಗಿನಿಂದ ಕಾಣುವುದಿಲ್ಲ. ಟ್ಯೂಬ್ ಬದಲಿಸಿ ಗಾಳಿ ತುಂಬಿ ಎರಡು ಕಿ.ಮೀ. ಹೋಗುವುದರೊಳಗೆ ಹೊಸ ಟ್ಯೂಬೂ ಹೋಗುತ್ತದೆ. ಟೈರಿನ ಒಳಮೈಗೆ ಒಂದು ಹತ್ತಿ ಉಂಡೆ ಸವರಿಕೊಂಡು ಸುತ್ತ ಬನ್ನಿ. ಎಲ್ಲಿ ಹತ್ತಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿದೆ ತಂತಿ. ಚಿಮಟದಿಂದ ಕೀಳಿ, ಆಮೇಲೆ ಟ್ಯೂಬ್ ಹಾಕಿ. ಹಳ್ಳಿಯ ಪಂಕ್ಚರ್ ಅಂಗಡಿಯ ಪಂಪು ಹಳೇ ಸೈಕಲ್ಲಿನ ವಾಲ್‌ಟ್ಯೂಬಿಗೆ ಹೊಂದುವಂಥದ್ದು, ಲಾರಿ ಟೈರಿನ ಅಂಗಡಿಯದು ಬೈಕಿನ ವಾಲ್ವಿಗೆ. ನಿಮ್ಮದು ಸಪೂರ ಪ್ರೆಸ್ಟಾ ವಾಲ್ವಾದರೆ ಬೈಕಿನ ವಾಲ್ವಿನ ಪಂಪು ಕೂಡುವುದಿಲ್ಲ. ಬೆರಳ ತುದಿಯಷ್ಟಿರುವ ಹಿತ್ತಾಳೆಯ ಅಡಾಪ್ಟರ್ ಒಂದನ್ನು ಚೀಲದಲ್ಲಿ ಹಾಕಿಕೊಳ್ಳಿ. ರೋಡ್ ಸೈಕಲ್ಲಿನ 700ಸಿ ಅಳತೆಯ ಟ್ಯೂಬು ದಾರಿಯಲ್ಲಿ ಸಿಗುವ ಭರವಸೆ ಇಟ್ಟುಕೊಳ್ಳದೆ ತಲೆಗೆರಡರಂತೆ ಒಯ್ಯಿರಿ. ಭಾರವೆಲ್ಲ ಹಿಂದಿನ ಕ್ಯಾರಿಯರ್ ಮೇಲಿದ್ದರೆ ಹಿಂಗಾಲಿಯ ಕಡ್ಡಿ (ಸ್ಪೋಕ್) ಮುರಿಯುತ್ತದೆ, ಅದೂ ಚೈನಿನ ಕಡೆಯದೇ. ಹೊಸದನ್ನು ಹಾಕಲು ಫ್ರೀವೀಲ್ ಬಿಚ್ಚುವ ಸಲಕರಣೆ ಬೇಕು. ಗುಂಪಿಗೆ ಅದೊಂದು, ಸರಿಯಾದ ಉದ್ದದ ಕಡ್ಡಿ ಮೂರು. ಸಾಮಾನು ಹತ್ತು ಕಿಲೋ ಮೀರದಿದ್ದರೆ ಇವೆರಡನ್ನೂ ಮುಟ್ಟುವ ಪ್ರಸಂಗವೇ ಬಾರದು.

ಮೀನು ಲಾರಿಗಳಿಂದ ಮಂಜುಗಡ್ಡೆಯ ಉಪ್ಪುನೀರು ರಸ್ತೆಗೆ ಸೋರುತ್ತದೆ. ಬಂದರು ಹತ್ತಿರವಾದಂತೆ ತಿರುವುಗಳಲ್ಲಿ ಆ ಪಸೆ ಜಾರುತ್ತದೆ, ಚೈನಿಗೂ ತುಕ್ಕು ಹಿಡಿಸುತ್ತದೆ. ಕಡಲ ನೊರೆಯಲ್ಲಿ ಸೈಕಲ್ ಓಡಿಸಿ ಫೋಟೊ ತೆಗೆಸಿಕೊಳ್ಳುವವರಿಗೆ ಏನು ಹೇಳುವುದು! ಆ ಉಪ್ಪು, ಆ ಮರಳು ಬೇರಿಂಗಿನೊಳಗೆ ಹೋದರೆ ಹೊರಬರುವುದಿಲ್ಲ. ರಾತ್ರಿ ಲಾಡ್ಜಿನಲ್ಲಿ ಒಂದು ಬಕೀಟು ಸಿಹಿನೀರು ಮಗ್ಗಿನಿಂದ ಸುರಿದು, ಬಟ್ಟೆಯಲ್ಲಿ ಒರೆಸಿ, ಆರಿದ ಮೇಲೆ ಚೈನಿಗೆ ಎಣ್ಣೆ ಬಿಡಿ. ಕಾರು ತೊಳೆಯುವ ಜೋರು ಪೈಪು ಬೇಡ, ಅದು ಗ್ರೀಸನ್ನೇ ಓಡಿಸುತ್ತದೆ.

ಉಳಿದದ್ದು ಸಣ್ಣಪುಟ್ಟದ್ದು. ನವೆಂಬರ್ ನಡುವಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಶನಿವಾರ, ಶಿವರಾತ್ರಿ, ಹೊಸ ವರ್ಷದ ಹೊತ್ತಿಗೆ ಗೋಕರ್ಣ ಬೇಡ, ಕೋಣೆ ಸಿಗುವುದಿಲ್ಲ. ಯಕ್ಷಗಾನ ಮೇಳಗಳ ತಿರುಗಾಟವೂ ಅದೇ ಕಾಲಕ್ಕೆ. ಬೆಳತನಕ ಆಟ ನೋಡುವುದಿದ್ದರೆ ಮರುದಿನವನ್ನು ಖಾಲಿ ಬಿಡಿ.

ಇನ್ನು ಬೇಡಿಕೆ. ಅದು ಸೈಕಲ್ ಸಮೇತ ಊರಿಗೆ ಮರಳುವುದರದು. ಹುಬ್ಬಳ್ಳಿ-ಅಂಕೋಲಾ ರೈಲು ಇನ್ನೂ ಕಾಗದದಲ್ಲೇ ಇದೆ. ಮಂಗಳೂರು-ವಿಜಯಪುರ ರೈಲು ಹಾಸನ, ಅರಸೀಕೆರೆ ಸುತ್ತಿ ಹುಬ್ಬಳ್ಳಿ, ಗದಗಿಗೆ ಬರುತ್ತದೆ. ಅದು ಓಡುತ್ತಿರುವುದನ್ನು ಖಚಿತ ಮಾಡಿಕೊಂಡು, ಎರಡು ತಾಸು ಮೊದಲೇ ನಿಲ್ದಾಣಕ್ಕೆ ಹೋಗಿ ಸೈಕಲ್ಲನ್ನು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿಸಬೇಕು. ಉಳಿದವರಿಗೆ ಬಸ್ಸೇ ಗತಿ. ಮುಂಗಾಲಿ ಬಿಚ್ಚಿ, ಪೆಡಲ್ ತೆಗೆದು (ಎಡಗಡೆಯದರ ಥ್ರೆಡ್ ಉಲ್ಟಾ, ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದರೆ ಸಡಿಲಾಗುತ್ತದೆ), ಡಿಸ್ಕ್ ಬ್ರೇಕಿದ್ದರೆ ಪ್ಯಾಡುಗಳ ನಡುವೆ ರಟ್ಟಿನ ತುಂಡು ಸಿಗಿಸಿ ಕೊಟ್ಟರೆ ಸೈಕಲ್ ಡಿಕ್ಕಿಯಲ್ಲಿ ಅಡಗುತ್ತದೆ. ಆದರೆ ಹತ್ತಿಸಿಕೊಳ್ಳುವುದು ಬಿಡುವುದು, ಎಷ್ಟು ಹಣ ಎನ್ನುವುದು ಆಯಾ ಬಸ್ಸಿನ ಕಂಡಕ್ಟರರ ಮರ್ಜಿ. ಬಿಚ್ಚಿ ಕಟ್ಟಿದ ಸೈಕಲ್ಲಿಗೆ ಲಗೇಜು ದರ ಇಷ್ಟು, ಒಂದು ಬಸ್ಸಿಗೆ ಇಷ್ಟೇ ಸೈಕಲ್ ಎಂದು ಹುಬ್ಬಳ್ಳಿ, ಹಾವೇರಿ, ಗದಗ, ಮಂಗಳೂರಿನ ಬಸ್ ನಿಲ್ದಾಣಗಳಲ್ಲಿ ಸಾರಿಗೆ ಸಂಸ್ಥೆ ಒಂದು ಫಲಕ ಹಾಕಲಿ. ನವೆಂಬರಿಗೆ ಮುಂಚೆ ಆದರೆ ಈ ವರ್ಷವೇ ಅನುಕೂಲ.

– ಕೆಲವು ಸೈಕಲ್ ಸವಾರರು, ಹುಬ್ಬಳ್ಳಿ-ಧಾರವಾಡ