ಅಪ್ಪನ ಸೋಡಾ ಮೆಷಿನ್ ಕ್ಯಾತ್ಸಂದ್ರ ತಲುಪಿತು

ನಿನ್ನೆ ಸಂಜೆ ಹೊಸ ಅಂಗಡಿಯಲ್ಲಿ ಮೊದಲನೇ ಗೋಲಿ ಸೋಡಾ ಒಡೆದೆವು. ಅಮ್ಮ ಕುಡಿದರು. ಅರ್ಧ ಬಾಟಲಿ ಕುಡಿದು ಕಣ್ಣೊರೆಸಿಕೊಂಡು, "ಅದೇ ರುಚಿ ಕಣೋ" ಅಂದರು. ಅದಕ್ಕೇ ಈ ಬರಹ.

ತುಮಕೂರಿನ ಮಂಡಿಪೇಟೆಯಲ್ಲಿದ್ದ ನಮ್ಮ ಅಂಗಡಿಯ ಕಟ್ಟಡ ಕೆಡವುತ್ತೇವೆ, ತಿಂಗಳೊಳಗೆ ಖಾಲಿ ಮಾಡಿ ಅಂತ ಹೇಳಿದಾಗ ಅಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಂಗಡಿಗಿಂತ ಜಾಸ್ತಿ ಚಿಂತೆ ಆಗಿದ್ದು ಮೆಷಿನ್‌ದು. ಅಪ್ಪ ಮದುವೆಗೆ ಮುಂಚೆ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದಿದ್ದು. ಎರಕದ ಕಾಲು, ಮೇಲೆ ಬಾಟಲಿ ಕೂರಿಸುವ ಪೆಟ್ಟಿಗೆ, ಪಕ್ಕದಲ್ಲಿ ಹಿಡಿ. ಹಿಡಿ ತಿರುಗಿಸಿದರೆ ಪೆಟ್ಟಿಗೆ ಸುತ್ತುತ್ತದೆ, ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ನೀರಿಗೆ ಬೆರೆಯುತ್ತದೆ. ಬಾಟಲಿ ತಲೆಕೆಳಗಾದಾಗ ಗೋಲಿ ಕತ್ತಿಗೆ ಜಾರಿ ರಬ್ಬರ್ ವಾಷರ್‌ಗೆ ಕಚ್ಚಿಕೊಳ್ಳುತ್ತದೆ. ಈ ಬಾಟಲಿಗೆ ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ತೆಗೆದುಕೊಂಡರು. ಬೇರೆ ಮುಚ್ಚಳವೇ ಬೇಡ, ಒಳಗಿನ ಗ್ಯಾಸೇ ಬೀಗ. ಎಂಥಾ ತಲೆ ಅಲ್ವಾ!

ಗುಜರಿಗೆ ಹಾಕಿ ಹೊಸದು ತಗೊಳ್ಳಿ ಅಂದವರೇ ಜಾಸ್ತಿ. ಹಾಗೆ ಅನ್ನದವರು ಅಂತರಸನಹಳ್ಳಿಯ ನಮ್ಮ ಮೆಕ್ಯಾನಿಕ್ ಚಾಚಾ. ಬಂದವರು ಅರ್ಧ ಗಂಟೆ ಸುಮ್ನೆ ಮೆಷಿನ್ ಸುತ್ತ ಓಡಾಡಿದರು. "ಇದಕ್ಕೆ ತಲೆ ಭಾರ, ಕಾಲು ಸಣ್ಣ. ಹೀಗೇ ಎತ್ತಿದರೆ ಯಾರ ಮೇಲಾದರೂ ಬೀಳುತ್ತೆ" ಅಂದರು. ಮೊದಲು ಸಿಲಿಂಡರ್ ಬಂದ್ ಮಾಡಿಸಿದರು. ಬಾಗಿಲು ಕಿಟಕಿ ಪೂರ್ತಿ ತೆಗೆಸಿ ಪೈಪಿನಲ್ಲಿ ಉಳಿದಿದ್ದ ಗ್ಯಾಸ್ ಬಿಟ್ಟರು. ಆ ಗ್ಯಾಸ್ ಗಾಳಿಗಿಂತ ಭಾರ, ಮುಚ್ಚಿದ ಕೋಣೆಯಲ್ಲಿ ಕೆಳಗೇ ನಿಂತುಬಿಡುತ್ತದೆ, ಉಸಿರು ಕಟ್ಟುತ್ತದೆ. ಸಿಲಿಂಡರ್ ತಲೆಗೆ ಕ್ಯಾಪ್ ಹಾಕಿ, ನೆಟ್ಟಗೆ ನಿಲ್ಲಿಸಿ ಕಟ್ಟಿ, ಬೇರೆ ಗಾಡಿಯಲ್ಲಿ ಕಳಿಸಿದರು. ಆಮೇಲೆ ಬಿಳಿ ಪೇಂಟ್ ತಗೊಂಡು, ಮೆಷಿನ್‌ನಲ್ಲಿ ಒಂದಕ್ಕೊಂದು ಕೂಡುವ ಭಾಗಗಳ ಒಂದೊಂದು ಜೋಡಿಗೂ ನಂಬರ್ ಬರೆದರು: ಒಂದಕ್ಕೆ ಒಂದು, ಎರಡಕ್ಕೆ ಎರಡು. ಬಿಚ್ಚಿದ ನಟ್ಟು, ವಾಷರ್‌ಗಳನ್ನು ಅಪ್ಪನ ಊಟದ ಡಬ್ಬಿಯಲ್ಲೇ ಹಾಕಿ ನನ್ನ ಕೈಗೆ ಕೊಟ್ಟರು. ಚಾಚಾ, ಆ ಡಬ್ಬಿಯನ್ನು ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡಿದ್ದೆ.

ಮಂಡಿಪೇಟೆಯ ಹಮಾಲಿ ಅಣ್ಣಂದಿರೇ, ನಿಮಗೆ ಹೇಗೆ ಹೇಳಲಿ. ನಮ್ಮ ಗಲ್ಲಿಗೆ ಗಾಡಿ ಬರಲ್ಲ. ಬೆಳಿಗ್ಗೆ ಐದಕ್ಕೇ ಬಂದು, ಚರಂಡಿ ಮೇಲಿನ ಕಲ್ಲು ತಡೆಯಲ್ಲ ಅಂತ ಹಲಗೆ ಹಾಸಿದಿರಿ. ಮೆಷಿನ್ ಕಾಲುಗಳ ಕೆಳಗೆ ಕಬ್ಬಿಣದ ಪೈಪ್ ಇಟ್ಟು ಉರುಳಿಸಿದಿರಿ. ಹಿಂದಿನ ಪೈಪ್ ಬಿಟ್ಟುಕೊಂಡ ಹಾಗೆ ಒಬ್ಬರು ಓಡಿ ತಂದು ಮುಂದೆ ಇಡುತ್ತಿದ್ದಿರಿ. ಒಂದು ಕಡೆ ಗೋಡೆಗೂ ಹಿಡಿಗೂ ಎರಡು ಬೆರಳಿನಷ್ಟೇ ಜಾಗ ಇತ್ತು. ಆಗ ನಿಮ್ಮಲ್ಲಿ ಹಿರಿಯರು ಹೆಗಲ ಮೇಲಿನ ಟವೆಲ್ ತೆಗೆದು ಹಿಡಿಗೆ ಸುತ್ತಿದರು. ಅಪ್ಪನ ಕೈ ಸವೆಸಿದ ಹಿಡಿ ಅದು. ನಾನು ಯಾರಿಗೂ ಹೇಳಿರಲಿಲ್ಲ.

ಬಿ.ಎಚ್. ರಸ್ತೆಯ ಒಂದೊಂದು ಹಂಪ್‌ಗೂ ಗಾಡಿ ನಿಲ್ಲಿಸಿದಷ್ಟು ನಿಧಾನ ಮಾಡಿದ ಡ್ರೈವರ್ ಅಣ್ಣ, ಬಾಡಿಗೆ ಜಾಸ್ತಿ ಕೇಳಲೇ ಇಲ್ಲ. ಪಕ್ಕದ ತಟ್ಟೆ ಇಡ್ಲಿ ಹೋಟೆಲಿನ ಅಕ್ಕ ಎಲ್ಲರಿಗೂ ತಿಂಡಿ ಕೊಟ್ಟರು.

ಜೋಡಿಸಿದ ದಿನವೇ ಓಡಲಿಲ್ಲ. ನೆಲ ಓರೆ ಇತ್ತು. ಗಾರೆ ಕೆಲಸದ ಮಾವ ರಸಮಟ್ಟ ಇಟ್ಟು ಎರಡು ಸಲ ಸರಿ ಮಾಡಿದರು. ಗ್ಯಾಸ್ ಬಿಟ್ಟು ಜಾಯಿಂಟ್‌ಗೆ ಸೋಪಿನ ನೊರೆ ಸವರಿದಾಗ ಒಂದು ಕಡೆ ಗುಳ್ಳೆ ಎದ್ದಿತು. ಚಾಚಾ ಹೊಸ ವಾಷರ್ ಕತ್ತರಿಸಿ ಹಾಕಿದರು. ಮತ್ತೆ ಸವರಿದೆವು. ಗುಳ್ಳೆ ಬರಲಿಲ್ಲ. ಹಿಡಿ ತಿರುಗಿಸಲು ನನಗೇ ಹೇಳಿದರು.

ಹಿರಿಯರೇ, ನಿಮ್ಮ ಹಳದಿ ಟವೆಲ್ ನಮ್ಮ ಹತ್ತಿರವೇ ಉಳಿದಿದೆ. ಅಮ್ಮ ಒಗೆದು ಮಡಚಿಟ್ಟಿದ್ದಾರೆ. ಸಿದ್ಧಗಂಗೆ ಕಡೆ ಬಂದಾಗ ಎಲ್ಲರೂ ಬನ್ನಿ. ಪನ್ನೀರು ಸೋಡಾ ಕುಡಿದು, ಟವೆಲ್ ತಗೊಂಡು ಹೋಗಿ.