ಸ್ಕ್ಯಾನ್ ಆಯ್ತು, ಓದುವವರು ಯಾರು?

ಮಾನ್ಯ ಸಂಪಾದಕರೇ,

ತಹಶೀಲ್ ಕಚೇರಿಗಳ ಹಳೆ ದಾಖಲೆಗಳನ್ನು ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಒಳ್ಳೆಯ ಕೆಲಸ. ಗೆದ್ದಲಿನ ಹೊಟ್ಟೆಗೆ ಹೋಗುವುದಕ್ಕಿಂತ ಕಂಪ್ಯೂಟರಿನಲ್ಲಿ ಇರುವುದು ಮೇಲು ಅಲ್ವಾ? ಆದರೆ ಕಲಬುರಗಿ ಕಡೆಯವರಾದ ನಮಗೆ ಇದರಲ್ಲೊಂದು ತೊಡಕಿದೆ. 1948ರವರೆಗೆ ನಾವು ನಿಜಾಮರ ಆಡಳಿತದಲ್ಲಿ ಇದ್ದವರು. ನಮ್ಮ ಮುತ್ಯಾನ ಕಾಲದ ಸರಕಾರಿ ಕಾಗದ ಬಹಳಷ್ಟು ಉರ್ದುವಿನಲ್ಲಿದೆ. ಅದನ್ನು ಸ್ಕ್ಯಾನ್ ಮಾಡಿಟ್ಟರೆ ಒಂದು ಚಿತ್ರ ಸಿಕ್ಕಿತು, ಅಷ್ಟೇ. ಅದರೊಳಗಿನ ಹೆಸರು ಹುಡುಕುವವನಿಗೆ ಸಿಗಬೇಕಲ್ಲ?

ನನ್ನ ಕಥೆಯನ್ನೇ ಹೇಳುತ್ತೇನೆ. ಜೇವರ್ಗಿ ತಾಲೂಕಿನ ನಮ್ಮ ತವರಿನ ಹೊಲದ ವಾರಸಾ ಮಾಡಿಸಲು ಅಣ್ಣ ಒಂದೂವರೆ ವರ್ಷ ಓಡಾಡಿದ. ವಂಶಾವಳಿಯಲ್ಲಿ ಮುತ್ಯಾನ ಹೆಸರು ಮಾಳಪ್ಪ. ಉರ್ದು ಕಾಗದದಲ್ಲಿದ್ದದ್ದು ಮಾಲಪ್ಪ. "ಇವರು ಬೇರೆ ಮನುಷ್ಯ" ಅಂದುಬಿಟ್ಟರು ಕಚೇರಿಯವರು. ಕೊನೆಗೆ ಕೋರ್ಟಿನ ಹತ್ತಿರ ಉರ್ದು ಓದಿಕೊಡುವ ಎಪ್ಪತ್ತು ದಾಟಿದ ಮುನ್ಷಿ ಸಾಹೇಬರ ಬಳಿ ಹೋದೆವು. ಅವರು ಕನ್ನಡಕ ಏರಿಸಿ, ಸಾಲಿನ ಮೇಲೆ ಬೆರಳಿಟ್ಟು, ನಕ್ಕರು. "ಅಕ್ಕಾರೆ, ಉರ್ದುದಾಗ ಳ ಅಕ್ಷರಾನೇ ಇಲ್ಲ, ಬರದವ ಏನ್ ಮಾಡ್ಬೇಕು?" ಅಂದರು. ಣ ಕೂಡ ಹಾಗೆಯೇ. ಬಸಣ್ಣ ಅಲ್ಲಿ ಬಸನ್ನ ಆಗುತ್ತಾನೆ. ಅ, ಇ, ಉ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲವಾದ್ದರಿಂದ ಬಿಸನ್ನ ಅಂತಲೂ ಓದಬಹುದು. ವರ್ಷ ಬರೆದದ್ದು ಫಸಲಿಯಲ್ಲಿ, ಅಂದರೆ ಆಗಿನ ಕಂದಾಯ ವರ್ಷದ ಲೆಕ್ಕದಲ್ಲಿ. 1340 ಫಸಲಿ ಅಂದರೆ 1930-31. ಇದು ಗೊತ್ತಿಲ್ಲದ ಹುಡುಗ ಕಂಪ್ಯೂಟರ್ ಮುಂದೆ ಕೂತು 1340 ಅಂತಲೇ ಒತ್ತಿದರೆ ನಮ್ಮ ಮುತ್ಯಾ ಬಹಮನಿ ಸುಲ್ತಾನರಿಗಿಂತ ಹಿಂದಿನವನಾಗುತ್ತಾನೆ!

ಇದನ್ನೆಲ್ಲ ಈಗ ಬರೆಯಲು ಕಾರಣ ಇದೆ. ಹೋದ ವರ್ಷ ಮಗಳ ಬಾಣಂತನಕ್ಕೆ ಅಂತ ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ ನಾಲ್ಕು ತಿಂಗಳು ಇದ್ದೆ. ಪಕ್ಕದ ಮನೆಯ ಅಜ್ಜಿಗೆ ತನ್ನ ಮನೆತನ ಹುಡುಕುವ ಹುಚ್ಚು. ಒಂದು ದಿನ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಊರ ನಡುವೆ, ಎದುರಿಗೆ ಕುದುರೆ ಏರಿದ ವೆಲ್ಲಿಂಗ್ಟನ್ ಮೂರ್ತಿ, ಹಿಂದೆ ರಿಜಿಸ್ಟರ್ ಹೌಸ್. ರಾಬರ್ಟ್ ಆಡಮ್ ಎಂಬಾತ ನಕ್ಷೆ ಹಾಕಿದ ಕಟ್ಟಡ, 1774ರಲ್ಲಿ ಅಡಿಗಲ್ಲು ಹಾಕಿದ್ದು. ಕಾಗದ ಇಡುವುದಕ್ಕೆಂದೇ ಅಷ್ಟು ದೊಡ್ಡ ಗುಮ್ಮಟ! ನಮ್ಮಲ್ಲಿ ಗುಮ್ಮಟ ಕಟ್ಟಿದ್ದು ಗೋರಿಗೆ, ಮಸೀದಿಗೆ. ಮೂಲ ಕಾಗದ ಮುಟ್ಟುವ ಕೋಣೆಯಲ್ಲಿ ಪೆನ್ನು ಬಿಡುವುದಿಲ್ಲ, ಪೆನ್ಸಿಲ್ ಮಾತ್ರ.

ಅಲ್ಲಿ 1855ರ ಜನವರಿ 1ರಿಂದ ಹುಟ್ಟು, ಮದುವೆ, ಸಾವು ಬರೆಸುವುದು ಕಡ್ಡಾಯ. ಅದಕ್ಕೂ ಮುಂಚಿನದು ಚರ್ಚುಗಳ ಪುಸ್ತಕದಲ್ಲಿದೆ. ಅತಿ ಹಳೆಯದು 1553ರದು. ಆ ಪುಸ್ತಕಗಳೇನು ಭಾರಿ ಚೊಕ್ಕ ಅಂದುಕೊಳ್ಳಬೇಡಿ. ಕೆಲವದರಲ್ಲಿ ತಾಯಿಯ ಹೆಸರೇ ಇಲ್ಲ. 1783ರಲ್ಲಿ ಒಂದೊಂದು ನಮೂದಿಗೆ ಮೂರು ಪೆನ್ಸ್ ತೆರಿಗೆ ಹಾಕಿದರಂತೆ. ಎಷ್ಟೋ ಜನ ಬರೆಸುವುದನ್ನೇ ಬಿಟ್ಟರು. ಹೆಸರಿನ ಗೋಳು ಅವರಿಗೂ ಇದೆ. ಅಲ್ಲಿ ಎಷ್ಟೋ ಮನೆತನದ ಹೆಸರು ಮ್ಯಾಕ್ ಅಂತ ಶುರುವಾಗುತ್ತದೆ. ಒಬ್ಬನೇ ಮನುಷ್ಯ ಒಂದು ಕಡೆ ಮ್ಯಾಕ್, ಇನ್ನೊಂದು ಕಡೆ ಬರೀ ಎಂಸಿ, ಮತ್ತೊಂದು ಕಡೆ ಮ್ಯಾಕೇ ಇಲ್ಲ. ಆದರೆ ಅವರು "ಇವನು ಬೇರೆ ಮನುಷ್ಯ" ಅನ್ನುವುದಿಲ್ಲ. ಪುಸ್ತಕ ಓದಿ, ಹೆಸರುಗಳ ಪಟ್ಟಿ ಮಾಡಿಟ್ಟಿದ್ದಾರೆ. ಒಂದು ಹೆಸರು ಒತ್ತಿದರೆ ಅದರ ಬೇರೆ ಬೇರೆ ರೂಪಗಳನ್ನೂ ಹುಡುಕಬಹುದು. ಅಜ್ಜಿ ತನ್ನ ತಾತನನ್ನು ಅರ್ಧ ಗಂಟೆಯಲ್ಲಿ ಹಿಡಿದರು. ನನಗೆ ಅಣ್ಣನ ಒಂದೂವರೆ ವರ್ಷ ನೆನಪಾಯಿತು.

ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಅಲ್ಲಿ ಹೆಂಗಸು ಸತ್ತರೆ ಗಂಡನ ಮನೆಯ ಹೆಸರಿನ ಜೊತೆ ತವರಿನ ಹೆಸರನ್ನೂ ಬರೆಯುತ್ತಾರೆ, ಅವಳ ತಾಯಿಯ ತವರಿನ ಹೆಸರು ಸಮೇತ. ಹೀಗಾಗಿ ಅಮ್ಮ, ಅಮ್ಮನ ಅಮ್ಮ ಅಂತ ಹಿಂದಕ್ಕೆ ಹೋಗಬಹುದು. ನಮ್ಮ ಮನೆತನಕ್ಕೆ ಹೆಳವ ಬರುತ್ತಿದ್ದ. ಬೆಳಕು ಹರಿಯುವ ಮೊದಲೇ ಎತ್ತಿನ ಮೇಲೆ ಕೂತು, ಅಂಗಳದಲ್ಲಿ ನಿಂತು, ನಮ್ಮ ಹಿರಿಯರ ಹೆಸರನ್ನು ಒಂದರ ಹಿಂದೊಂದು ಹೇಳುತ್ತಿದ್ದ. ಅವ್ವ ಮೊರದಲ್ಲಿ ಜೋಳ ತಂದು ಸುರಿಯುವವರೆಗೂ ಇಳಿಯುತ್ತಿರಲಿಲ್ಲ. ಆಮೇಲೆ ಪುಸ್ತಕ ತೆಗೆದು ಆ ನಡುವೆ ಹುಟ್ಟಿದ ಗಂಡುಮಕ್ಕಳ ಹೆಸರು ಸೇರಿಸುತ್ತಿದ್ದ. "ನಂದು?" ಅಂತ ಕೇಳಿದ್ದೆ, ಏಳೆಂಟು ವರ್ಷದವಳಿದ್ದಾಗ. "ನಿಂದು ನಿನ್ನ ಗಂಡನ ಮನಿ ಹೆಳವ ಬರೀತಾನವ್ವಾ" ಅಂದ. ಅವನೂ ಬರೆಯಲಿಲ್ಲ.

ಆದರೂ ಹಳೆ ಬರಹಗಳಲ್ಲಿ ಮಾಳಪ್ಪ ಅಂತ ಳ ಹಾಕಿ ಬರೆದದ್ದು ನಮ್ಮ ಹೆಳವನ ಪುಸ್ತಕದಲ್ಲಿ ಮಾತ್ರ. ಅಣ್ಣ ಅದನ್ನು ಕಚೇರಿಗೆ ಒಯ್ದಾಗ "ಇದೇನು ಸರಕಾರಿ ಕಾಗದ ಏನ್ರೀ?" ಅಂದರು. ಈಗ ಆ ಹೆಳವನ ಮಗ ಪುಣೆಯಲ್ಲಿ ಡ್ರೈವರ್. ಪುಸ್ತಕ ಟ್ರಂಕಿನಲ್ಲಿದೆ.

ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಸ್ಕ್ಯಾನ್ ಆದ ಉರ್ದು ಪುಟಗಳನ್ನು ಓದಲು ಮುನ್ಷಿ ಸಾಹೇಬರಂಥವರನ್ನು ದಿನಗೂಲಿಯ ಮೇಲಾದರೂ ಕೂಡಿಸಿ. ಪುಟದಲ್ಲಿರುವ ಹೆಸರು, ಊರು, ಸರ್ವೆ ನಂಬರು, ಫಸಲಿ ಮತ್ತು ಇಸವಿ, ಇಷ್ಟನ್ನು ಕನ್ನಡದಲ್ಲಿ ಬರೆಸಿ. ಮಾಲಪ್ಪ ಅಂತ ಹುಡುಕಿದರೆ ಮಾಳಪ್ಪನೂ ಬರುವ ಹಾಗೆ ಮಾಡಿ. ಪಕ್ಕದಲ್ಲಿ ಕಲಿಯುವ ನಾಲ್ಕು ಹುಡುಗ ಹುಡುಗಿಯರನ್ನೂ ಕೂಡಿಸಿ, ಉರ್ದು ಶಾಲೆಗಳು ನಮ್ಮ ಊರಲ್ಲೇ ಬೇಕಾದಷ್ಟಿವೆ. ಹೊಲ ಯಾರದು ಅಂತ ಸರ್ವೆ ನಂಬರುವಾರು ಬರೆದ 1954-55ರ ಖಾಸ್ರಾ ಪಹಣಿಯಿಂದ ಶುರು ಮಾಡಿದರೆ ಸಾಕು, ವಾರಸಾ ತಕರಾರು ಬಂದಾಗಲೆಲ್ಲ ಮೊದಲು ಕೇಳುವುದು ಅದನ್ನೇ. ಹೆಳವರ ಪುಸ್ತಕಗಳನ್ನು ಕಿತ್ತುಕೊಳ್ಳುವುದು ಬೇಡ, ಅದು ಅವರ ಅನ್ನ. ಫೋಟೊ ತೆಗೆದುಕೊಂಡು ಹಣ ಕೊಟ್ಟರೆ ಅವರೂ ಒಪ್ಪಬಹುದು. ಕೇಳಿ ನೋಡಬೇಕು.

ನಮ್ಮ ಮನೆತನದ ಪುಟಗಳನ್ನು ನಾನು ಝೆರಾಕ್ಸ್ ಮಾಡಿಸಿಟ್ಟುಕೊಂಡಿದ್ದೇನೆ, ಒಟ್ಟು 11 ಪುಟ. ಅತ್ತೆ, ಚಿಗವ್ವ, ಅಕ್ಕಂದಿರ ಹೆಸರನ್ನು ಅಂಚಿನಲ್ಲಿ ನಾನೇ ಬರೆದಿದ್ದೇನೆ, ಪೆನ್ಸಿಲಿನಲ್ಲಿ.

– ನಿವೃತ್ತ ಶಿಕ್ಷಕಿ, ಬ್ರಹ್ಮಪುರ, ಕಲಬುರಗಿ